ಬರ್ಲಿನ್‌ಗೆ ಹೊರಟ ಮಗಳಿಗೆ ಕೋಣೆಯನ್ನು ಇಲ್ಲಿಂದಲೇ ಗೊತ್ತುಮಾಡಬೇಕೇ?

ಪ್ರಶ್ನೆ: ನನ್ನ ಮಗಳಿಗೆ ಬರ್ಲಿನ್‌ನ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಪ್ರವೇಶ ಸಿಕ್ಕಿದೆ. ಅಕ್ಟೋಬರ್‌ನಲ್ಲಿ ತರಗತಿ ಆರಂಭ. ಕೋಣೆಯನ್ನು ಇಲ್ಲಿಂದಲೇ ಗೊತ್ತುಮಾಡಬೇಕೇ, ಹೋದ ಮೇಲೆ ಹುಡುಕಿದರೆ ಸಾಕೇ? ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಯಾವುದು?
– ಗಂಗಾವತಿಯ ಓದುಗರು

ಉತ್ತರ: ವಿಮಾನ ಹತ್ತುವ ಮೊದಲೇ ಕೋಣೆ ಗೊತ್ತಾಗಿರಬೇಕು. ಒಂದೆರಡು ತಿಂಗಳ ಮಟ್ಟಿಗಾದರೂ ಸರಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಆದರೆ ಆ ವಿಳಾಸದಲ್ಲಿ ನಿಮ್ಮ ಮಗಳ ಹೆಸರು ನೋಂದಾಯಿಸಲು ಮನೆ ಕೊಡುವವರು ಒಪ್ಪಿರಲೇಬೇಕು. ಸಿಂಧನೂರು, ಸಿರುಗುಪ್ಪ, ಕುಷ್ಟಗಿ ಕಡೆಯಿಂದ ಮಕ್ಕಳನ್ನು ಕಳಿಸುವ ಪಾಲಕರು ಹೆಚ್ಚಾಗಿ ವಿಚಾರಿಸುವುದು ಚಳಿ ಮತ್ತು ಊಟದ ಬಗ್ಗೆ. ಅವೆರಡೂ ಹೇಗೋ ಹೊಂದಿಕೊಳ್ಳುತ್ತವೆ. ವಿಳಾಸ ಮಾತ್ರ ತಾನಾಗಿ ಸರಿಹೋಗುವುದಿಲ್ಲ.

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ಆ ನೋಂದಣಿಗೆ ‘ಆನ್‌ಮೆಲ್ಡುಂಗ್’ ಎಂದೂ ಅದು ನಡೆಯುವ ಕಚೇರಿಗೆ ‘ಬ್ಯೂರ್ಗರ್‌ಆಮ್ಟ್’ ಎಂದೂ ಹೆಸರು. ಮುಂಗಡವಾಗಿ ಸಮಯ ಕಾಯ್ದಿರಿಸಿ ಹೋಗಬೇಕು, ಬರ್ಲಿನ್‌ನಲ್ಲಿ ಆ ಸಮಯ ಸಿಗುವುದೇ ಕಷ್ಟ. ಸಮಾಧಾನದ ಸಂಗತಿಯೆಂದರೆ ತಾನಿರುವ ಬಡಾವಣೆಯ ಕಚೇರಿಗೇ ಹೋಗಬೇಕೆಂದಿಲ್ಲ, ನಗರದ ಯಾವ ಕಚೇರಿಯಾದರೂ ನಡೆಯುತ್ತದೆ. ಪಾಸ್‌ಪೋರ್ಟ್ ಮತ್ತು ಅರ್ಜಿಯ ಜೊತೆಗೆ, ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ಸಾಲದು. ಹುಡುಗರು ಎಡವುವುದು ಇಲ್ಲಿಯೇ. ‘ಇರಬಹುದು, ಆದರೆ ನೋಂದಣಿ ಇಲ್ಲ’ ಎನ್ನುವ ಕೋಣೆ ಅಗ್ಗವಾಗಿ ಕಾಣುತ್ತದೆ, ಹಣ ಉಳಿಯಿತೆಂದು ಒಪ್ಪಿಬಿಡುತ್ತಾರೆ. ಅಂಥ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಬೇಡವೆಂದೇ ನಾನು ಹೇಳುತ್ತೇನೆ.

ಏಕೆಂದರೆ ಮುಂದಿನ ಕೆಲಸಗಳೆಲ್ಲ ಆ ನೋಂದಣಿಗೆ ಜೋತುಬಿದ್ದಿವೆ. ನೋಂದಣಿಯಾದ ಕೆಲವು ವಾರಗಳಲ್ಲಿ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದಿಲ್ಲದೆ ಅರೆಕಾಲಿಕ ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ ತೆರಿಗೆ ಮುರಿದುಕೊಳ್ಳಬಹುದು. ಬ್ಯಾಂಕ್ ಕಾರ್ಡ್, ಆರೋಗ್ಯ ವಿಮೆಯ ಕಾರ್ಡ್ ಬರುವುದೂ ಅಂಚೆಯಲ್ಲಿಯೇ. ಇಲ್ಲಿ ಒಂದು ಸಣ್ಣ ವಿಷಯವನ್ನು ನಿಮ್ಮ ಮಗಳಿಗೆ ಒತ್ತಿ ಹೇಳಿ. ನಮ್ಮ ಅಂಚೆಯಣ್ಣ ಓಣಿಯಲ್ಲಿ ‘ಇಂಥವರ ಮನೆ ಯಾವುದು’ ಎಂದು ಕೇಳಿಯಾದರೂ ಪತ್ರ ಮುಟ್ಟಿಸುತ್ತಾನೆ. ಬರ್ಲಿನ್‌ನ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮನೆ ಸಂಖ್ಯೆಯೇ ಇರುವುದಿಲ್ಲ. ಕೆಳಗೆ ಸಾಲಾಗಿರುವ ಅಂಚೆಪೆಟ್ಟಿಗೆಗಳ ಮೇಲಿನ ಹೆಸರೇ ಗುರುತು. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ. ಬೀಗದ ಕೈ ಸಿಕ್ಕ ದಿನವೇ ಚೀಟಿಯೊಂದರಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದು ಪೆಟ್ಟಿಗೆಗೂ ಬಾಗಿಲ ಗಂಟೆಗೂ ಅಂಟಿಸಲಿ, ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ. ನಮ್ಮ ಭಾಗದಲ್ಲಿ ಹಲವರ ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ, ಅಂಕಪಟ್ಟಿಯಲ್ಲಿ ಇನಿಷಿಯಲ್ ಒಂದೇ ಇರುತ್ತದೆ. ಅಲ್ಲಿನ ಪ್ರತಿ ಅರ್ಜಿಯೂ ಉಪನಾಮ ಕೇಳುತ್ತದೆ. ಸಾಧ್ಯವಿದ್ದರೆ ವೀಸಾ ಅರ್ಜಿಗೆ ಮುಂಚೆಯೇ ಇದನ್ನು ಸರಿಪಡಿಸಿಕೊಳ್ಳಿ.

ಕೋಣೆ ಹುಡುಕುವಾಗ ಮೊದಲ ಅರ್ಜಿ ‘ಸ್ಟುಡಿಯರೆಂಡೆನ್‌ವೆರ್ಕ್ ಬರ್ಲಿನ್’ ನಡೆಸುವ ವಿದ್ಯಾರ್ಥಿ ನಿಲಯಗಳಿಗೆ ಹೋಗಲಿ. ಬಾಡಿಗೆ ಹೊರಗಿಗಿಂತ ಕಡಿಮೆ, ಕಾಯುವವರ ಪಟ್ಟಿ ಮಾತ್ರ ಉದ್ದ. ಪ್ರವೇಶ ಪತ್ರ ಕೈಗೆ ಬಂದ ವಾರವೇ ಅರ್ಜಿ ಹಾಕಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊಸ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬಂದಿಳಿಯುವುದರಿಂದ ಆಗ ಕೋಣೆಗೆ ಪೈಪೋಟಿ ಹೆಚ್ಚು. ಆ ಅವಸರವನ್ನೇ ಮೋಸಗಾರರು ಕಾಯುತ್ತಿರುತ್ತಾರೆ. ಚೆಂದದ ಫೋಟೊ, ನಂಬಲಾಗದಷ್ಟು ಕಡಿಮೆ ಬಾಡಿಗೆ. ‘ನಾನು ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಬೀಗದ ಕೈಯನ್ನು ಕೊರಿಯರ್ ಮಾಡುತ್ತೇನೆ’ ಎಂಬ ಮಾತು. ಇಷ್ಟು ಕೇಳಿದ ಕೂಡಲೇ ಮಾತುಕತೆ ನಿಲ್ಲಿಸಿ. ಭತ್ತ ಮಾರಿ ಕೂಡಿಟ್ಟ ಹಣ ಒಮ್ಮೆ ಹೋದರೆ ಗಂಗಾವತಿಯಲ್ಲಿ ಕುಳಿತು ಯಾರನ್ನು ಕೇಳುವುದು? ಅಲ್ಲಿ ಈಗಾಗಲೇ ಓದುತ್ತಿರುವ ಯಾರಾದರೂ ಕೋಣೆಯನ್ನು ಕಣ್ಣಾರೆ ನೋಡಿ ಬರುವವರೆಗೂ ದುಡ್ಡು ಕಳಿಸಬೇಡಿ. ಮುಂಗಡಕ್ಕೂ ಕಾನೂನಿನ ಮಿತಿ ಇದೆ. ಬಿಸಿನೀರು, ಹೀಟರ್ ಮುಂತಾದ ಖರ್ಚು ಬಿಟ್ಟು ಬರೀ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಇದೆ.

ಹಣದ ವಿಷಯ. ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ (ಇಟ್ಟ ಹಣವನ್ನು ಒಟ್ಟಿಗೆ ತೆಗೆಯಲಾಗದ, ತಿಂಗಳಿಗಿಷ್ಟೇ ಎಂದು ಕೊಡುವ ಖಾತೆ) ವರ್ಷಕ್ಕೆ 11,904 ಯೂರೊ ಇಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರಿಂದ ತಿಂಗಳಿಗೆ ಬಿಡುಗಡೆಯಾಗುವುದು 992 ಯೂರೊ. ಮೊದಲ ಕಂತು ಕೈಸೇರಲು ಅಲ್ಲಿ ಬ್ಯಾಂಕ್ ಖಾತೆ ತೆರೆದಾಗಬೇಕು, ಅಷ್ಟರೊಳಗೆ ಮುಂಗಡ ಕಟ್ಟುವ ದಿನ ಬಂದಿರುತ್ತದೆ. ಆದ್ದರಿಂದ ಮುಂಗಡ ಮತ್ತು ಎರಡು ತಿಂಗಳ ಖರ್ಚನ್ನು ಬೇರೆಯೇ ತೆಗೆದಿಡಿ.

ಇನ್ನು ಪೆಟ್ಟಿಗೆ. ತುಪ್ಪ, ಪೇಡೆ ಕಟ್ಟಿಕೊಡಬೇಡಿ: ಹೊರದೇಶದಿಂದ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಡಕ್ ರೊಟ್ಟಿ ಧಾರಾಳವಾಗಿ ಹೋಗಲಿ. ಅಕ್ಕಿ ಬೇಡ, ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಭಾನುವಾರ ಹೆಚ್ಚುಕಡಿಮೆ ಎಲ್ಲ ದಿನಸಿ ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರ ರಾತ್ರಿ ಇಳಿಯುವ ವಿಮಾನ ಬೇಡ, ವಾರದ ನಡುವೆ ಇಳಿಯಲಿ. ಅಲ್ಲಿನ ರೈಲು, ಬಸ್ಸುಗಳ ಟಿಕೆಟ್ ದರಕ್ಕೆ ಎ, ಬಿ, ಸಿ ಎಂಬ ವಲಯಗಳಿವೆ. ವಿಮಾನ ನಿಲ್ದಾಣ ‘ಸಿ’ ವಲಯದಲ್ಲಿದೆ, ಊರೊಳಗೆ ಹೋಗಲು ಮೂರೂ ವಲಯಗಳ ‘ಎಬಿಸಿ’ ಟಿಕೆಟ್ ಬೇಕು. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ.

ಡಿಸೆಂಬರ್‌ನಲ್ಲಿ ಬರ್ಲಿನ್‌ನ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ನೀವು ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಕರೆ ಮಾಡಿದಾಗ ಅಲ್ಲಿ ನಾಲ್ಕೂವರೆ, ಆಗಲೇ ಕತ್ತಲು. ರಾಯಚೂರು, ಕೊಪ್ಪಳದ ಬಿಸಿಲಿನಲ್ಲಿ ಬೆಳೆದ ಮಕ್ಕಳನ್ನು ಕಂಗೆಡಿಸುವುದು ಚಳಿಗಿಂತ ಈ ಕತ್ತಲು. ಆ ತಿಂಗಳುಗಳಲ್ಲಿ ಅಂಕಗಳಿಗಿಂತ ಮೊದಲು ಊಟ, ನಿದ್ದೆ, ಗೆಳತಿಯರನ್ನು ವಿಚಾರಿಸಿ.

ಅದೇ ಹೊತ್ತಿಗೆ ವೀಸಾದ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಿ. ಇಲ್ಲಿ ಕೊಡುವ ಪ್ರವೇಶ ವೀಸಾ ಹಲವರಿಗೆ ಕೆಲವೇ ತಿಂಗಳಿನದು. ಅದು ಮುಗಿಯುವ ಮೊದಲೇ ಬರ್ಲಿನ್‌ನ ವಲಸೆ ಕಚೇರಿಗೆ ಆನ್‌ಲೈನ್‌ನಲ್ಲಿ ವಾಸ ಪರವಾನಗಿಯ ಅರ್ಜಿ ಸಲ್ಲಿಸಬೇಕು. ಅದಕ್ಕೆ ಲಗತ್ತಿಸುವ ಕಾಗದಗಳಲ್ಲಿ ವಿಳಾಸ ನೋಂದಣಿಯ ಪ್ರಮಾಣಪತ್ರವೂ ಒಂದು.