ಕ್ಯಾಕ್ಟಸ್ ಬುಡ ಕಂದಾಗಿದೆ, ಕೊಳೆತಿದೆಯಾ?

ಪ್ರಶ್ನೆ: ಕಿಟಕಿಯಲ್ಲಿಟ್ಟ ಕ್ಯಾಕ್ಟಸ್‌ನ ಬುಡ ಕಂದು ಬಣ್ಣಕ್ಕೆ ತಿರುಗಿದೆ. ಗಿಡ ಸ್ವಲ್ಪ ಸೊರಗಿದ ಹಾಗೂ ಕಾಣುತ್ತಿದೆ. ನೀರು ಸಾಲದೇ ಹೀಗಾಯಿತಾ, ಜಾಸ್ತಿಯಾಗಿಯಾ?

ಉತ್ತರ: ಸದ್ಯಕ್ಕೆ ನೀರು ಹಾಕಬೇಡಿ. ಒಂದು ಪೆನ್ಸಿಲ್ ತೆಗೆದುಕೊಂಡು, ಅದರ ಮೊಂಡು ತುದಿಯಿಂದ ಕಂದಾದ ಜಾಗವನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಗಾಬರಿ ಬೇಡ. ಮೆತ್ತಗೆ ಒಳಗೆ ಹೋದರೆ ಇವತ್ತೇ ಚಾಕು ಹಿಡಿಯಬೇಕು. ಬರೀ ಬಣ್ಣ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಬಿಸಿಲು ಹೊಡೆಯಲಿ, ಹುಳ ಹತ್ತಲಿ, ಸುಮ್ನೆ ವಯಸ್ಸೇ ಆಗಲಿ, ಕ್ಯಾಕ್ಟಸ್ ಕಂದಾಗುತ್ತದೆ.

ವಯಸ್ಸಿನ ಕಂದು ಬುಡದಿಂದ ಶುರುವಾಗಿ ವರ್ಷಗಟ್ಟಲೆ ನಿಧಾನಕ್ಕೆ ಮೇಲೇರುತ್ತದೆ. ಮುಟ್ಟಿದರೆ ಒಣಗಿದ ತೊಗಟೆಯ ಹಾಗೆ ಒರಟು. ಅದಕ್ಕೆ ಔಷಧಿ ಬೇಡ. ಬಿಸಿಲಿನ ಸುಟ್ಟ ಗಾಯ ಒಂದೇ ಪಕ್ಕಕ್ಕಿರುತ್ತದೆ. ಮೊದಲು ಬಿಳಚಿಕೊಂಡು, ಆಮೇಲೆ ಒಣಗಿ ಗಟ್ಟಿಯಾಗುತ್ತದೆ. ನರ್ಸರಿಯ ಹಸಿರು ನೆರಳುಪರದೆ ಕೆಳಗಿದ್ದ ಗಿಡವನ್ನು ತಂದು ನೇರ ಪಶ್ಚಿಮದ ಬಿಸಿಲಿಗೆ ಇಟ್ಟರೆ ಹೀಗಾಗುತ್ತದೆ. ಆ ಕಲೆ ಹೋಗುವುದಿಲ್ಲ, ಗಿಡಕ್ಕೆ ಅಪಾಯವೂ ಇಲ್ಲ.

ಕಂದು ತುದಿಯ ಎಳೆ ಭಾಗದಲ್ಲಿದ್ದು, ತುಕ್ಕು ಹಿಡಿದಂತೆ ಸಣ್ಣ ಸಣ್ಣ ಚುಕ್ಕೆಗಳಾಗಿದ್ದರೆ ನುಸಿ ಇರಬಹುದು. ಮುಳ್ಳುಗಳ ನಡುವೆ ಹತ್ತಿಯಂಥ ಬಿಳಿ ಉಂಡೆ ಕಂಡರೆ ಅದು ಹಿಟ್ಟು ತಿಗಣೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಅದ್ದಿ, ಒಂದೊಂದನ್ನೂ ಒರೆಸಿ ತೆಗೆಯಿರಿ. ಸಂಜೆ ಮಾಡಿದರೆ ಒಳ್ಳೆಯದು. ವಾರ ಬಿಟ್ಟು ಮತ್ತೆ ನೋಡಿ, ಮೊಟ್ಟೆ ಉಳಿದಿರುತ್ತವೆ.

ಈಗ ಬುಡ ಮೆತ್ತಗಿದ್ದರೆ ಏನು ಮಾಡಬೇಕು? ಅದು ಕೊಳೆ ರೋಗ, ಬಹುತೇಕ ನೀರು ಜಾಸ್ತಿಯಾದದ್ದರಿಂದಲೇ. ಬೇರು ಕೊಳೆತ ಮೇಲೆ ನೀರು ಹೀರಲಾಗದೆ ಗಿಡ ಸೊರಗುತ್ತದೆ. ಪಾಪ, ಬಾಯಾರಿದೆ ಅಂದುಕೊಂಡು ನಾವು ಇನ್ನಷ್ಟು ಹಾಕುತ್ತೇವೆ! ನರ್ಸರಿಯವರು ಪೂರ್ತಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಮೇಲೆ ಬಣ್ಣದ ಕಲ್ಲನ್ನು ಅಂಟಿಸಿ ಮಾರುವುದೂ ಒಂದು ಕಾರಣ. ಮೇಲೆ ಒಣಗಿದಂತಿದ್ದರೂ ಮಳೆಗಾಲದಲ್ಲಿ ಒಳಗೆ ತಿಂಗಳಾದರೂ ಒದ್ದೆಯೇ.

ಗಿಡವನ್ನು ಪೇಪರಿನಲ್ಲಿ ಸುತ್ತಿ ಹಿಡಿದು ಕುಂಡದಿಂದ ಹೊರಗೆ ತೆಗೆಯಿರಿ. ಚೂಪಾದ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಕೊಳೆತ ಭಾಗಕ್ಕಿಂತ ಸ್ವಲ್ಪ ಮೇಲೆ ಅಡ್ಡಕ್ಕೆ ಕತ್ತರಿಸಿ. ಕತ್ತರಿಸಿದ ಮುಖ ಸೌತೆಕಾಯಿ ಹೋಳಿನಂತೆ ತಿಳಿ ಹಸಿರಾಗಿರಬೇಕು. ನಡುವೆ ಒಂದು ಉಂಗುರ ಕಾಣುತ್ತದೆ, ನೀರು ಸಾಗಿಸುವ ನಾಳಗಳು ಅವು. ಆ ಉಂಗುರದಲ್ಲಿ ಕಿತ್ತಳೆ ಅಥವಾ ಕಂದು ಚುಕ್ಕೆ ಒಂದಿದ್ದರೂ ರೋಗ ಇನ್ನೂ ಮೇಲಿದೆ ಅಂತ. ಚಾಕು ಒರೆಸಿ, ಇನ್ನೊಂದು ತೆಳು ಹೋಳು ತೆಗೆಯಿರಿ. ಚಾಕು ಒರೆಸದೆ ಮುಂದುವರಿದರೆ ರೋಗವನ್ನು ನೀವೇ ಮೇಲಕ್ಕೆ ಹಚ್ಚಿದಂತೆ. ಇಲ್ಲಿ ಕರುಣೆ ತೋರಿಸಬೇಡಿ. ಎರಡು ಇಂಚು ಉಳಿದರೂ ಚುಕ್ಕೆ ಇಲ್ಲದ್ದು ಉಳಿಯಲಿ.

ಕತ್ತರಿಸುವಾಗ ಬಿಳಿ ಹಾಲು ಸುರಿದರೆ ಅದು ಬೇಲಿ ಕಳ್ಳಿಯ ಜಾತಿ ಇರಬಹುದು. ಆ ಹಾಲು ಕಣ್ಣಿಗೆ ತಾಗಬಾರದು, ಗ್ಲೌಸ್ ಹಾಕಿಕೊಳ್ಳಿ.

ಗಾಯಕ್ಕೆ ಗಂಧಕದ ಪುಡಿ ಉದುರಿಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಸಣ್ಣದಾದರೆ ಒಂದು ವಾರ, ದಪ್ಪಗಿದ್ದರೆ ಎರಡು ಮೂರು ವಾರ. ಮುಖ ಗಟ್ಟಿ ಚರ್ಮದಂತಾದ ಮೇಲೆ ಒಣಗಿದ ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿದ ಕುಂಡದ ಮೇಲೆ ಸುಮ್ನೆ ಕೂರಿಸಿ. ಬೇರಿಲ್ಲದ ಗಿಡಕ್ಕೆ ಒದ್ದೆ ಮಣ್ಣು ಎಂದರೆ ಮತ್ತೆ ಕೊಳೆ. ಕೆಲವು ವಾರ ಬಿಟ್ಟು ಮೆಲ್ಲಗೆ ಎಳೆದು ನೋಡಿ. ಹಿಡಿದುಕೊಂಡಿದ್ದರೆ ಬೇರು ಬಂದಿದೆ, ಮೊದಲ ನೀರು ಆಗ.

ತಲೆಯ ಮೇಲೆ ಕೆಂಪು ಚೆಂಡಿರುವ ಕ್ಯಾಕ್ಟಸ್ ಆದರೆ ಲೆಕ್ಕ ಬೇರೆ. ಅದು ಕಸಿ ಮಾಡಿದ ಜೋಡಿ. ಕೆಳಗಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯದ್ದು. ಕೆಂಪು ಚೆಂಡಿನಲ್ಲಿ ಹಸಿರು ಅಂಶ ಇಲ್ಲ, ತನ್ನ ಊಟ ತಾನು ಮಾಡಿಕೊಳ್ಳಲಾರದು. ಕಾಂಡದ ಬುಡ ಮಾತ್ರ ಕೊಳೆತಿದ್ದರೆ ಮೇಲೆ ಹೇಳಿದಂತೆ ಕತ್ತರಿಸಿ, ಉಳಿದ ಹಸಿರು ಕಾಂಡಕ್ಕೇ ಬೇರು ಬರಿಸಬಹುದು. ಕಾಂಡ ಪೂರ್ತಿ ಹೋಗಿದ್ದರೆ ಚೆಂಡನ್ನು ಮರಳಲ್ಲಿಟ್ಟು ಕಾಯಬೇಡಿ. ಚೆಂಡನ್ನು ಆರೋಗ್ಯವಾದ ಬೇರೆ ಕಾಂಡಕ್ಕೆ ಕಸಿ ಕಟ್ಟಬೇಕು, ಇಲ್ಲವೇ ಬಿಟ್ಟುಬಿಡಬೇಕು.