ಹಣ ಕಟ್ಟಿದ ರಸೀದಿ ವೀಸಾ ಅಲ್ಲ

"ಅಲ್ರೀ, ನಮ್ಮ ಮೊಮ್ಮಗ ನಮ್ಮ ಮನಿಗೆ ಬರಾಕ ವೀಸಾ ಯಾಕ ಬೇಕ್ರಿ?"

ಧಾರವಾಡದ ಅಜ್ಜಿಯೊಬ್ಬರು ಹುಬ್ಬಳ್ಳಿಯ ನನ್ನ ಟ್ರಾವೆಲ್ ಆಫೀಸಿನಲ್ಲಿ ಕೂತು ಹೀಗೆ ಕೇಳಿದರು. ಸವದತ್ತಿಯಲ್ಲಿ ಕೂಸಿನ ಜವಳ ಇಟ್ಟುಕೊಂಡಿದ್ದರು. ಮಗ, ಸೊಸೆ ಇಬ್ಬರದೂ ಭಾರತದ ಪಾಸ್‌ಪೋರ್ಟ್. ಕೂಸು ಹುಟ್ಟಿದ್ದು ಅಮೆರಿಕದಲ್ಲಿ, ಅದರ ಪಾಸ್‌ಪೋರ್ಟೂ ಅಲ್ಲಿಯದೇ. ಅಜ್ಜಿಗೆ ಅದು ಮನೆಯ ಕೂಸು. ವಿಮಾನದ ಕೌಂಟರಿನವರಿಗೆ ಅಮೆರಿಕದ ಪ್ರಜೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇಲ್ಲದಿದ್ದರೆ ಎಂಟು ತಿಂಗಳ ಕೂಸಿಗೂ ವೀಸಾ ಬೇಕೇ ಬೇಕು.

ಮಗ ಇ-ವೀಸಾಕ್ಕೆ, ಅಂದರೆ ಆನ್‌ಲೈನಿನಲ್ಲೇ ಸಿಗುವ ವೀಸಾಕ್ಕೆ, ಅರ್ಜಿ ಹಾಕಿದ್ದ. ಬಂದ ಇಮೇಲನ್ನು ತಾಯಿಗೆ ವಾಟ್ಸಾಪ್ ಮಾಡಿ "ವೀಸಾ ಆತು" ಅಂದಿದ್ದ. ಅಜ್ಜಿ ನನ್ನ ಹತ್ತಿರ ಬಂದದ್ದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಟಿಕೆಟ್ ಮಾಡಿಸಲು. ಫೋನ್ ನೋಡಿದೆ. ಅದು ಹಣ ಕಟ್ಟಿದ ರಸೀದಿ, ಜೊತೆಗೊಂದು ಅರ್ಜಿ ನಂಬರ್. ಅಷ್ಟೇ.

ಮಗನಿಗೆ ಫೋನ್ ಹಚ್ಚಿ ಕೂಸಿನ ಪಾಸ್‌ಪೋರ್ಟ್ ನಂಬರ್ ಕೇಳಿದೆ. ಸರ್ಕಾರದ ಪುಟದಲ್ಲಿ ಸ್ಥಿತಿ ನೋಡಿದರೆ, ಫೋಟೋ ಮತ್ತೆ ಹಾಕಿ ಅಂತ ಇತ್ತು. ಕೂಸಿನ ತಲೆಯ ಹಿಂದೆ ತಾಯಿಯ ಕೈ ಕಾಣುತ್ತಿತ್ತು! ಬಿಳಿ ಬೆಡ್‌ಶೀಟ್ ಮೇಲೆ ಕೂಸನ್ನು ಮಲಗಿಸಿ, ಮೇಲಿನಿಂದ ಫೋಟೋ ತೆಗೆದು ಹಾಕಿಸಿದೆ. ಎರಡು ದಿನಕ್ಕೆ "ಗ್ರಾಂಟೆಡ್" ಅಂತ ಬಂತು. ಆ ಒಂದು ಪದ ಕಾಣುವವರೆಗೆ ವಿಮಾನ ಹತ್ತಲು ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಭಾರತ ಈ ಇ-ವೀಸಾ ಪದ್ಧತಿ ಶುರು ಮಾಡಿದ್ದು 2014ರ ನವೆಂಬರ್ 27ರಂದು. ಇಮೇಲಿನಲ್ಲಿ ಬರುವುದು ಇಟಿಎ, ಅಂದರೆ ಮುಂಗಡ ಅನುಮತಿ. ಮುದ್ರೆ ಬೀಳುವುದು ಇಲ್ಲಿ ಇಳಿದ ಮೇಲೆ, ಇಮಿಗ್ರೇಷನ್ ಮೇಜಿನಲ್ಲಿ. ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕು ಅಂತ ನಿಯಮ. ನಾನಾದರೆ ಎರಡು ವಾರ ಇಟ್ಟುಕೊಳ್ಳಿ ಅನ್ನುತ್ತೇನೆ. ಫೋಟೋ ವಾಪಸ್ ಬಂದರೆ ಸರಿಪಡಿಸಲು ಸಮಯ ಬೇಕಲ್ವಾ? ಕಟ್ಟಿದ ಹಣವಂತೂ ವಾಪಸ್ ಬರುವುದಿಲ್ಲ.

ಇಟಿಎ ಅನ್ನುವ ಹೆಸರಿನಿಂದ ಇನ್ನೊಂದು ಗೊಂದಲ. "ಬ್ರಿಟನ್ನಿಗೆ ಈಗ ಇಟಿಎ ಸಾಕಂತಲ್ಲ?" ಅಂತ ಕೇಳುತ್ತಾರೆ. ಬ್ರಿಟನ್ನಿನ ಇಟಿಎ ಆಗಲಿ, ಅಂಥದೇ ಮುಂಗಡ ಅನುಮತಿಯಾದ ಅಮೆರಿಕದ ಎಸ್ಟಾ ಆಗಲಿ, ಅಲ್ಲಿಗೆ ವೀಸಾ ಇಲ್ಲದೆ ಹೋಗಬಲ್ಲ ದೇಶದವರಿಗೆ. ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ಪೂರ್ತಿ ವೀಸಾನೇ ಬೇಕು.

ಇನ್ನು ಹೆಸರು. ನನ್ನ ದಿನದ ಅರ್ಧ ಹೋಗುವುದು ಇದರಲ್ಲೇ. ನಮ್ಮ ಕಡೆ ಒಬ್ಬರಿಗೆ ಅಡ್ಡಹೆಸರು ಇರುತ್ತದೆ, ಇನ್ನೊಬ್ಬರ ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು. ದುಬೈ ಇರುವ ಯುಎಇ ದೇಶದ ಸರ್ಕಾರ 2022ರ ನವೆಂಬರಿನಿಂದ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಕೊಡುವುದನ್ನು ನಿಲ್ಲಿಸಿತು. ಗದಗಿನ ಹುಡುಗನೊಬ್ಬ ಇದೇ ಕಾರಣಕ್ಕೆ ಮುಖ ಬಾಡಿಸಿಕೊಂಡು ಬಂದಿದ್ದ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಕೆಲವು ಸಂದರ್ಭದಲ್ಲಿ ಒಪ್ಪುತ್ತಾರೆ ಅಂತ ತಿಳಿದಾಗ ಅವನಿಗೆ ಜೀವ ಬಂದಂತಾಯಿತು.

ಫಾರ್ಮ್ ತುಂಬುವಾಗ ಆಧಾರ್ ನೋಡಬೇಡಿ, ನೆನಪಿನಿಂದ ಬರೆಯಬೇಡಿ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಎರಡು ಸಾಲು ಇವೆ, ಸಾಲಿಗೆ 44 ಅಕ್ಷರ, ಚಿಹ್ನೆ. ಯಂತ್ರ ಓದುವುದು ಅದನ್ನೇ. ನಡುವೆ ಬಾಣದ ತುದಿಯಂಥ ಗುರುತು ಎರಡು ಸಲ ಬಂದರೆ ಅಲ್ಲಿಗೆ ಅಡ್ಡಹೆಸರು ಮುಗಿಯಿತು ಅಂತ. ನಾನು ಅದರ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಅಕ್ಷರ ಜೋರಾಗಿ ಓದಿಸುತ್ತೇನೆ. ಸೊನ್ನೆ, 'ಓ' ಅದಲುಬದಲಾದರೂ ಅನುಮತಿ ಬೇರೆ ಯಾರದೋ ಪಾಸ್‌ಪೋರ್ಟಿಗೆ ಸಿಕ್ಕಂತೆ.

ಹಾವೇರಿಯ ದಂಪತಿ ಥಾಯ್ಲೆಂಡಿಗೆ ಹೊರಟಿದ್ದರು. ಅಲ್ಲಿಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಬೇಕು. ತಲುಪುವ ಮೊದಲಿನ ಮೂರು ದಿನದೊಳಗೆ ತುಂಬುವುದು, ಪೂರ್ತಿ ಉಚಿತ. ಇವರು ಗೂಗಲ್‌ನಲ್ಲಿ ಮೇಲೆ ಬಂದ ಜಾಹೀರಾತು ಒತ್ತಿ, ಸರ್ಕಾರದ್ದೇ ಅನ್ನಿಸುವ ಪುಟದಲ್ಲಿ ಸುಮ್ನೆ ದುಡ್ಡು ಕಳೆದುಕೊಂಡಿದ್ದರು. ಅಸಲಿ ವಿಳಾಸ ಮುಗಿಯುವುದು 'ಜಿಒ ಡಾಟ್ ಟಿಎಚ್' ಅಂತ. ನಮ್ಮ ದೇಶದ್ದು 'ಜಿಒವಿ ಡಾಟ್ ಇನ್'. ಬ್ಯಾಂಕ್ ಕಾರ್ಡ್ ನಂಬರ್ ಹಾಕುವ ಮೊದಲು ವಿಳಾಸದ ಆ ಬಾಲ ಒಮ್ಮೆ ನೋಡಿ.