ಹೂಂ ಅಂದ್ರ ಒಪ್ಪಿಗಿ ಅಲ್ರಿ

ಮೊನ್ನೆ ಕಲಬುರಗಿ ಗಂಜ್‌ನಾಗ ತೊಗರಿ ಮಾರಿ ಕುಂತಿದ್ದ ನಮ್ ಕಾಕಾಗ ಒಂದು ಫೋನ್ ಬಂತು, ಹೆಣ್ಣು ದನಿ, ಥೇಟ್ ಪುಸ್ತಕದ ಕನ್ನಡ, ಬೆಳಿ ವಿಮಾ ಬಗ್ಗೆ ಹೇಳ್ಕೋತ ಹೊಂಟದ, ಕಾಕಾ ನಡುನಡುವ "ಹೂಂ ರೀ, ಹೂಂ" ಅನ್ಲಕತ್ತಾರ. ಕೊನಿಗಿ ಅದು "ರೆಕಾರ್ಡಿಂಗ್‌ಗೆ ಒಪ್ಪಿಗೆ ಕೊಟ್ಟಿದ್ದಕ್ಕೆ ಧನ್ಯವಾದ" ಅಂತು. ನಾ ಯಾವಾಗ ಕೊಟ್ಟೆ ಅಂತ ಕಾಕಾ ನನ್ ಮಾರಿ ನೋಡಿದ್ರು, ಮಾತಾಡಿದ್ದು ಎಐ ಅಂತ ಅವ್ರಿಗೆ ಗೊತ್ತೇ ಆಗಿರ್ಲಿಲ್ಲ.

ನಮ್ ಕಡಿ ಹೂಂ ಅಂದ್ರ ಕೇಳ್ಲಕತ್ತೀನಿ, ಮುಂದ ಹೇಳು ಅಂತ ಅಷ್ಟೇ. ಅಜ್ಜಿ ಕಥಿ ಹೇಳುವಾಗ ಹುಡುಗ್ರು ಹೂಂ ಅಂತಾವಲ್ಲ, ಹಂಗ. ಮಷೀನ್ ಮಾಡೋರಿಗೂ ಇದು ಚೆನ್ನಾಗಿ ಗೊತ್ತದ. 2018ರ ಮೇ ತಿಂಗಳದಾಗ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಅವ್ರು, ನಮ್ ಪರವಾಗಿ ತಾನೇ ಫೋನ್ ಮಾಡಿ ಮಾತಾಡೋ ಗೂಗಲ್ ಡ್ಯೂಪ್ಲೆಕ್ಸ್ ಅನ್ನೋ ಎಐ ತೋರಿಸಿದಾಗ ಅದು ಸಲೂನ್‌ಗೆ ಫೋನ್ ಹಚ್ಚಿ ಮಾತಿನ ನಡುವ ಮನುಷ್ಯರಂಗೇ "ಹ್ಞೂಂ" ಅಂದಿತ್ತು, ಜನ ದಂಗಾಗಿದ್ದೇ ಅದಕ್ಕ. ಆ ಕಡಿ ಇದ್ದವ್ರಿಗೆ ಮಷೀನ್ ಅಂತ ಯಾಕ ಹೇಳ್ಲಿಲ್ಲ ಅಂತ ಭಾಳ ಟೀಕೆ ಬಂತು, ಆಮ್ಯಾಲ ಗೂಗಲ್ ಮೊದಲೇ ತಿಳಿಸೋ ಪದ್ಧತಿ ತಂತು.

ಇಲ್ಲೊಂದು ಸೂಕ್ಷ್ಮ ಅದ. ಫೋನ್ ಲೈನಿನಾಗ ನಮ್ ದನೀನ ಸಾಮಾನ್ಯವಾಗಿ ಸೆಕೆಂಡಿಗೆ 8,000 ಸಲ ಅಳದು ಅಂಕಿ ಮಾಡ್ತಾರ, ಎಐ ಕಾಲ್ ಆದ್ರ ಹೆಚ್ಚಾಗಿ ಆ ಅಂಕಿ ಸರ್ವರ್‌ಗೆ ಹೋಗಿ ಅಕ್ಷರ ಆಗ್ತದ, ಆ ಅಕ್ಷರ ಓದಿ ಭಾಷಾ ಮಾಡೆಲ್, ಅಂದ್ರ ಮಾತು ಬರಿಯೋ ಎಐ, ಉತ್ತರ ಬರೀತದ, ಉತ್ತರ ಮತ್ತ ದನಿ ಆಗಿ ನಮ್ ಕಿವಿಗಿ ಬರ್ತದ. ಮನುಷ್ಯಾ ಕೇಳ್ತಾನ, ಮರೀತಾನ. ಇಂಥ ಮಷೀನಿಗಿ ಕೇಳೋದಂದ್ರೇ ಬರಕೊಳ್ಳೋದು. ಅದಕ್ಕ "ಆಡಿಯೋ ಇಟ್ಕೊಳ್ಳಲ್ಲ" ಅಂದ್ರ ಸಾಲಂಗಿಲ್ಲ, ಅಕ್ಷರ ಎಲ್ಲಿ ಉಳೀತದ, ಎಷ್ಟ್ ದಿನ, ಯಾರ್ ಓದ್ತಾರ ಅಂತನೂ ಹೇಳ್ಬೇಕು. ನನಗ ಜಾಸ್ತಿ ಚಿಂತಿ ಇದ್ರದ್ದೇ, ಯಾಕಂದ್ರ ಬರದಿಟ್ಟ ಮಾತಿನಾಗ ಕಾಕಾನ ಹೆಸ್ರು, ಸಾಲ, ಹೊಲ ಎಲ್ಲಾ ಒಂದೇ ಸರ್ಚಿಗಿ ಸಿಗ್ತಾವ.

ಕ್ಯಾಲಿಫೋರ್ನಿಯಾದಾಗ ಖಾಸಗಿ ಫೋನ್ ಮಾತು ರೆಕಾರ್ಡ್ ಮಾಡ್ಬೇಕಂದ್ರ ಮಾತಾಡೋರೆಲ್ಲರ ಒಪ್ಪಿಗಿ ಬೇಕು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಒಪ್ಪಿಗಿ ಅಂದ್ರ ಒತ್ತಾಯ ಇಲ್ದೆ, ತಿಳಕೊಂಡು, ಗೊಂದಲ ಇಲ್ದಂಗ ಕೊಟ್ಟದ್ದು ಅಂತದ, ಒಪ್ಪಿಗಿ ಕೇಳೋ ನೋಟಿಸ್ ಕನ್ನಡ ಸೇರಿ 22 ಭಾಷೆದಾಗ ಸಿಗ್ಬೇಕು ಅಂತನೂ ಅದ. ಹಂಗಿದ್ರ ಮೊದಲನೇ ಮಾತಿಗೇ "ನಾನು ಮಷೀನು, ರೆಕಾರ್ಡ್ ಮಾಡ್ಲಾ?" ಅಂತ ನಮಗ ತಿಳಿಯೋ ಕನ್ನಡದಾಗ ಕೇಳ್ಬೇಕು, "ಹೌದು, ಮಾಡ್ರಿ" ಅಂದ್ರಷ್ಟೇ ಒಪ್ಪಿಗಿ ಅಂತ ಹಿಡೀಬೇಕು. ಬ್ಯಾಡ ಅಂದೋರಿಗಿ ಮನುಷ್ಯಾರ ಕಡಿ ಲೈನ್ ಕೊಡ್ಬೇಕು, ಫೋನ್ ಕಟ್ ಮಾಡಿ ವಿಮಾನೇ ಇಲ್ಲ ಅನ್ನಬಾರ್ದು.